ಇನ್ನೂರ ಹನ್ನೆರಡು ಮೆಟ್ಟಿಲು, ಎರಡು ಕಿಟಕಿ

ನಾನು ಮೆಟ್ಟಿಲು ಕಟ್ಟುವ ಮೇಸ್ತ್ರಿ. ಮನೆ ಕಟ್ಟುವ ಮೇಸ್ತ್ರಿಗಳು ನಮ್ಮ ಊರಿನಲ್ಲಿ ಬೇರೆ ಇದ್ದಾರೆ. ಅವರ ಕೆಲಸ ಒಂದು ದಿನ ಮುಗಿಯುತ್ತದೆ, ಪಾಯಸ ತಿಂದು ಹೋಗುತ್ತಾರೆ. ನನ್ನ ಕೆಲಸ ಮುಗಿಯುವುದಿಲ್ಲ. ಯಾಕೆಂದರೆ ಇಲ್ಲಿ ಯಾರದಾದರೂ ಹೆಸರು ಬೇರೆ ಊರಿನಲ್ಲಿ ಅಚ್ಚಾದರೆ ಅವರ ಮನೆ ಮೇಲಕ್ಕೆ ಏಳುತ್ತದೆ. ಒಂದು ಸಲ ಅಚ್ಚಾದರೆ ಒಂದು ಬೆರಳು. ಹತ್ತು ಬೆರಳಾದರೆ ಒಂದು ಮೆಟ್ಟಿಲು ಬೇಕು. ಆಗ ನನಗೆ ಹೇಳಿಕಳಿಸುತ್ತಾರೆ. ನಮ್ಮೂರಿನವರೇ ನಮ್ಮೂರಿನಲ್ಲೇ ಎಷ್ಟು ಹೊಗಳಿದರೂ ಮನೆ ಕದಲುವುದಿಲ್ಲ. ಅದನ್ನು ಪುರಸಭೆ ಅಧ್ಯಕ್ಷರು ಮೂರು ಸಲ ಪ್ರಯತ್ನಿಸಿ ನೋಡಿದ್ದಾರೆ.

ಇದರಿಂದ ನಮಗೇನೂ ತೊಂದರೆ ಇರಲಿಲ್ಲ. ಉಪ್ಪಿನಕಾಯಿ ತುಂಗಮ್ಮನ ಹೆಸರು ಪಕ್ಕದ ಊರಿನ ಮದುವೆ ಕಾಗದದಲ್ಲಿ ‘ಊಟದ ಉಸ್ತುವಾರಿ’ ಅಂತ ಬಂದಾಗ ಅವಳ ಹೊಸಿಲು ಒಂದು ಬೆರಳು ಎದ್ದಿತ್ತು. ತಿಂಗಳೊಪ್ಪತ್ತು ಎಲ್ಲರೂ ಅಲ್ಲಿ ಎಡವಿ ಬಿದ್ದರು, ಆಮೇಲೆ ರೂಢಿಯಾಯಿತು. ಪೈಲ್ವಾನ್ ದ್ಯಾವಣ್ಣನ ಮನೆ ನಾಲ್ಕು ಮೆಟ್ಟಿಲು ಎದ್ದು, ಅವನ ಮಂಡಿ ಹೋಗಿ ಹೊರ ಊರಿನವರು ಅವನ ಹೆಸರು ಮರೆತ ಮೇಲೆ ಮತ್ತೆ ನೆಲಕ್ಕೆ ಇಳಿಯಿತು. ನಾನು ಕಟ್ಟಿದ ನಾಲ್ಕು ಮೆಟ್ಟಿಲು ಮಾತ್ರ ಅವನ ಬಾಗಿಲ ಮುಂದೆ ಎಲ್ಲಿಗೂ ಹೋಗದೆ ನಿಂತಿವೆ. ಸಂಜೆ ಅವುಗಳ ಮೇಲೆ ಅವನೇ ಕೂತು ಅವರೆಕಾಯಿ ಸುಲಿಯುತ್ತಾನೆ. ಹೆಣ್ಣು ಕೊಡುವವರು ಬಂದರೆ ಮೊದಲು ಕೇಳುವುದು, “ಎಷ್ಟು ಮೆಟ್ಟಿಲು?” ನನ್ನದು ಸೊನ್ನೆ. ಮಳೆ ಬಂದರೆ ಬೀದಿ ನೀರು ನಮ್ಮ ಒಲೆಯನ್ನು ಕೇಳಿಕೊಂಡು ಒಳಗೆ ಬರುತ್ತದೆ. ಈರಕ್ಕ ಹಾಗಿದ್ದರೂ ನನ್ನನ್ನು ಮದುವೆಯಾದಳು. ಅವಳ ಬುದ್ಧಿಯ ಬಗ್ಗೆ ನನಗೆ ಅವತ್ತಿನಿಂದ ಸಂಶಯವಿದೆ, ಅವಳಿಗೂ ಇದೆ.

ಡಾಕ್ಟರ್ ವೈಜಯಂತಿ ನಮ್ಮೂರಿನ ಪೋಸ್ಟ್‌ಮಾಸ್ಟರ ಮಗಳು. ದೊಡ್ಡ ಊರಿನಲ್ಲಿ ಓದಿ, ಮೂಗಿನಿಂದ ಮೂಗಿಗೆ ಹೋಗುವ ಕಣ್ಣಿಗೆ ಕಾಣದ ವೈರಸ್ಸುಗಳ ವಿಷಯದಲ್ಲಿ ಪಂಡಿತೆಯಾಗಿ ವಾಪಸು ಬಂದರು. ಚಳಿಗಾಲದ ನೆಗಡಿ, ಎದೆಗೆ ಇಳಿಯುವ ಜ್ವರ, ಮಲಗಗೊಡದ ಕೆಮ್ಮು, ಇವೆಲ್ಲ ಅವರ ಸರಕು. ಈ ಸರಕು ನಮ್ಮ ಕೆಳಕೇರಿಯಲ್ಲಿ ಸಿಕ್ಕುವಷ್ಟು ಇನ್ನೆಲ್ಲಿ ಸಿಗುತ್ತದೆ? ಕಂಬಳಿ ನೇಯುವ ಶೆಡ್ಡು ಇರುವುದೇ ಅಲ್ಲಿ. ಮೂವತ್ತು ಮಂದಿ ಹೆಂಗಸರು, ಮೂವತ್ತು ಮಗ್ಗ, ಒಂದು ಬಾಗಿಲು. ನೂಲಿಗೆ ಹುಣಸೆ ಬೀಜದ ಗಂಜಿ ಹಚ್ಚಿರುತ್ತಾರೆ. ಗಾಳಿ ಆಡಿದರೆ ಅದು ಬೇಗ ಒಣಗಿ ನೂಲು ತುಂಡಾಗುತ್ತದೆ ಅಂತ ಕಿಟಕಿಯನ್ನೇ ಇಟ್ಟಿಲ್ಲ. ಚಳಿಗಾಲದಲ್ಲಿ ಆ ಒಂದು ಬಾಗಿಲಿಗೂ ಹಳೇ ಕಂಬಳಿ ಇಳಿಬಿಡುತ್ತಾರೆ. ಒಬ್ಬಳು ಕೆಮ್ಮಿದರೆ ವಾರದೊಳಗೆ ಮೂವತ್ತೂ ಜನ ಕೆಮ್ಮುತ್ತಾರೆ. ನನ್ನ ಹೆಂಡತಿ ಹನ್ನೊಂದು ವರ್ಷದಿಂದ ಬಾಗಿಲಿಂದ ಆರನೇ ಮಗ್ಗದಲ್ಲಿ ಕೂರುತ್ತಾಳೆ.

ಡಾಕ್ಟ್ರಮ್ಮ ಪ್ರತಿ ಚಳಿಗಾಲ ಶೆಡ್ಡಿಗೆ ಬಂದು ಒಬ್ಬೊಬ್ಬರ ಮೂಗಿಗೂ ಹತ್ತಿ ಸುತ್ತಿದ ಉದ್ದನೆಯ ಕಡ್ಡಿ ಹಾಕಿ, ತಿರುಗಿಸಿ, ತೆಗೆದು ಸೀಸೆಯೊಳಗೆ ಇಡುತ್ತಿದ್ದರು. ಕಣ್ಣಲ್ಲಿ ನೀರು ಬರುತ್ತಿತ್ತು, ಸೀನು ಬರುತ್ತಿತ್ತು, ಸೀನಿದ ಮೇಲೆ ತಲೆ ಸ್ವಲ್ಪ ಹಗುರಾಗುತ್ತಿತ್ತು. ಕೆಳಕೇರಿಯವರು ಅದೇ ಔಷಧಿ ಅಂದುಕೊಂಡರು. ನನಗೂ ಬೇರೇನೂ ಹೊಳೆಯಲಿಲ್ಲ, ಏಳನೇ ಕ್ಲಾಸು ಓದಿದವನು ನಾನು. ಹೆಂಗಸರು ಸ್ನಾನ ಮಾಡಿ, ಹೂ ಮುಡಿದು ಸಾಲು ನಿಲ್ಲುತ್ತಿದ್ದರು. ಒಂದು ಮೂಗಿಗೆ ಹಾಕಿದರೆ ಇನ್ನೊಂದಕ್ಕೂ ಹಾಕಿ ಅಂತ ಬೇಡುತ್ತಿದ್ದರು. ಈರಕ್ಕನ ಪಕ್ಕದ ಮಗ್ಗದ ಹೊನ್ನೂರವ್ವ ಅಂತೂ, “ಡಾಕ್ಟ್ರಮ್ಮಾ, ನಂಗೆ ಎರಡ್ ಸಲ ಹಾಕ್ರವ್ವ, ನಾಳೆ ಮೊಮ್ಮಗಳ ಸೀಮಂತ ಐತೆ, ಅಲ್ಲಿ ಕೆಮ್ಮಿದ್ರೆ ಬೀಗ್ರು ಆಡ್ಕೋತಾರೆ,” ಅಂದಿದ್ದಳು. ಡಾಕ್ಟ್ರಮ್ಮ ನಕ್ಕು ಎರಡು ಸಲ ಹಾಕಿದರು. ಇದು ಔಷಧಿಯಲ್ಲ ಅಂತ ಅವರು ಹೇಳಲಿಲ್ಲ. ಸಾಲು ತಾನಾಗಿ ನಿಲ್ಲುತ್ತಿರುವಾಗ ಯಾರು ಹೇಳುತ್ತಾರೆ?

ಹೊನ್ನೂರವ್ವ ಸೀಮಂತ ಮುಗಿಸಿಕೊಂಡು ಬಂದು ಹನ್ನೆರಡನೇ ದಿನಕ್ಕೆ ಉಸಿರು ಸಾಲದೆ ಹೋದಳು.

ಅದೇ ವರ್ಷ ಡಾಕ್ಟ್ರಮ್ಮನ ಮನೆ ಏಳಲು ಶುರುವಾಯಿತು. ಮೊದಲನೇ ಮೆಟ್ಟಿಲು ಕಟ್ಟಲು ಹೋದಾಗ ಅವರೇ ಹೊರಗೆ ಬಂದು, “ಗಟ್ಟಿಯಾಗಿ ಕಟ್ಟಿ ಮೇಸ್ತ್ರಿ, ಇದು ಬರೀ ಮೊದಲನೇದು,” ಅಂದರು. ಜಂಬದ ಮಾತಲ್ಲ, ಮಗು ಹಲ್ಲು ಬಂದಾಗ ತೋರಿಸುತ್ತದಲ್ಲ, ಹಾಗೆ ಅಂದರು. ನಾನು ಗಾರೆ ಕಲೆಸುತ್ತ ಕೇಳಿದೆ, “ಅಲ್ಲ ಡಾಕ್ಟ್ರಮ್ಮ, ನಿಮ್ಮ ಹೆಸರು ಯಾರು ಅಚ್ಚು ಹಾಕ್ತಾರೆ?”

“ನಾನು ಬರೆದದ್ದನ್ನ ಬೇರೆ ದೇಶದ ವಿಜ್ಞಾನಿಗಳು ಉಲ್ಲೇಖ ಮಾಡ್ತಾರೆ ಮೇಸ್ತ್ರಿ. ಅವರು ಬರೆಯುವಾಗ ಕೊನೆಯಲ್ಲಿ ನನ್ನ ಹೆಸರು ಹಾಕ್ತಾರೆ.”

“ಓದಿ ಹಾಕ್ತಾರಾ?”

ಅವರು ನಕ್ಕರು. “ಕೆಲವರು ಓದ್ತಾರೆ.”

ಹತ್ತು, ಇಪ್ಪತ್ತು, ಅರವತ್ತು. ನಾನು ಬೇರೆ ಕೆಲಸ ಹಿಡಿಯುವುದನ್ನೇ ಬಿಟ್ಟೆ. ಒಂದು ಸಲ ಒಂದೇ ವಾರದಲ್ಲಿ ಮೂರು ಮೆಟ್ಟಿಲು ಏರಿತು. ಏನು ವಿಶೇಷ ಅಂತ ಕೇಳಿದರೆ, ಯಾವನೋ ಪಂಡಿತ ‘ವೈಜಯಂತಿ ಬರೆದಿರುವುದು ಪೂರ್ತಿ ತಪ್ಪು’ ಅಂತ ಬರೆದಿದ್ದಾನಂತೆ, ಅವನ ಹಿಂದೆ ಇನ್ನೂ ಮೂವತ್ತು ಜನ ಅದು ತಪ್ಪೋ ಸರಿಯೋ ಅಂತ ಕಿತ್ತಾಡಿದ್ದಾರಂತೆ. ಬೈದರೂ ಬೆರಳು ಏರುತ್ತದೆ, ಹೊಗಳಿದರೂ ಏರುತ್ತದೆ. ಅವರ ಕೈಕೆಳಗೆ ಓದುತ್ತಿದ್ದವರು ಏನೇ ಬರೆಯಲಿ, ನೆಗಡಿಯ ಮೇಲೆ ಬರೆಯಲಿ, ಕೋಳಿಯ ಮೇಲೆ ಬರೆಯಲಿ, ಕೊನೆಯಲ್ಲಿ ಡಾಕ್ಟ್ರಮ್ಮನ ಹೆಸರು ಹಾಕಬೇಕೆಂಬ ನೇಮವಿತ್ತು. ಇನ್ನೊಂದು ಊರಿನ ಒಬ್ಬ ಪಂಡಿತರಿಗೂ ಇವರಿಗೂ ಒಪ್ಪಂದ. ಅವರು ಬರೆದಾಗ ಇವರ ಹೆಸರು, ಇವರು ಬರೆದಾಗ ಅವರ ಹೆಸರು. ಆ ಊರಿನಲ್ಲಿ ಮನೆ ಏಳುವುದಿಲ್ಲವಂತೆ. ಅಲ್ಲಿ ಕುರ್ಚಿ ಏಳುತ್ತದೋ ಏನೋ.

ನೂರನೇ ಮೆಟ್ಟಿಲಿಗೆ ಪುರಸಭೆಯವರು ಸನ್ಮಾನ ಇಟ್ಟುಕೊಂಡರು. ಅಧ್ಯಕ್ಷರಿಗೆ ನಲವತ್ತು ಮೆಟ್ಟಿಲಿನ ಮೇಲೆ ಏದುಸಿರು, ಡಾಕ್ಟ್ರಮ್ಮನಿಗೆ ಇಳಿದು ಬರಲು ಪುರುಸೊತ್ತಿಲ್ಲ. ಕಡೆಗೆ ಮೇಲಿಂದ ಹಗ್ಗ ಕಟ್ಟಿ ಬುಟ್ಟಿ ಇಳಿಬಿಟ್ಟರು. ಪೇಟ, ಶಾಲು, ಹಣ್ಣು, ಏಲಕ್ಕಿ ಹಾರ ಎಲ್ಲ ಬುಟ್ಟಿಯಲ್ಲಿ ಮೇಲೆ ಹೋಯಿತು. ಅಧ್ಯಕ್ಷರು ಕೆಳಗೆ ನಿಂತು ಬುಟ್ಟಿಗೆ ಕೈಮುಗಿದು ಭಾಷಣ ಮಾಡಿದರು. “ನಮ್ಮ ಊರಿನ ಕೆಮ್ಮು ಇಂದು ಜಗತ್ತಿಗೇ ಕೇಳಿಸುತ್ತಿದೆ!” ಅಂದರು. ಕೆಳಕೇರಿಯ ಹೆಂಗಸರು ಕೆಮ್ಮುತ್ತಲೇ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ನೂರೂ ಮೆಟ್ಟಿಲು ನನ್ನವು, ಒಂದೂ ಅಲ್ಲಾಡುತ್ತಿರಲಿಲ್ಲ.

ಆಮೇಲೆ ಕಡ್ಡಿ ಹಾಕಲು ಡಾಕ್ಟ್ರಮ್ಮ ಬರುತ್ತಿರಲಿಲ್ಲ, ಅವರ ಶಿಷ್ಯರು ಬರುತ್ತಿದ್ದರು. ಸೀಸೆಗಳು ಬುಟ್ಟಿಯಲ್ಲಿ ಮೇಲೆ ಹೋಗುತ್ತಿದ್ದವು. ಹೋದ ಸೀಸೆಗೆ ಪ್ರತಿಯಾಗಿ ಕೆಳಗೆ ಏನೂ ಬರುತ್ತಿರಲಿಲ್ಲ.

ಇನ್ನೂರ ಹನ್ನೆರಡನೇ ಮೆಟ್ಟಿಲು ಕಟ್ಟಿ ಮುಗಿಸಿದ ವಾರ ಈರಕ್ಕನ ಕೆಮ್ಮು ಎದೆಗೆ ಇಳಿಯಿತು. ಕಾಂಪೌಂಡರ್ ಕೊಟ್ಟ ಗುಳಿಗೆ ನುಂಗಿದಳು, ಶುಂಠಿ ಅರೆದು ಹಚ್ಚಿದೆ, ಹಬೆ ಹಿಡಿಸಿದೆ. ಎರಡು ದಿನ ಸುಧಾರಿಸಿಕೊಂಡು ಮತ್ತೆ ಶೆಡ್ಡಿಗೆ ಹೋಗುತ್ತಿದ್ದಳು, ಮತ್ತೆ ಬಿಗಿಯಾಗಿ ಬರುತ್ತಿದ್ದಳು. ಒಂದು ಬೆಳಿಗ್ಗೆ ಒಲೆ ಊದಲು ಕೂತವಳು ಕೊಳವೆಯನ್ನು ಬಾಯಿಗಿಟ್ಟುಕೊಂಡು ಸುಮ್ಮನೆ ನನ್ನ ಮುಖ ನೋಡಿದಳು. ಊದಲು ಅವಳಲ್ಲಿ ಗಾಳಿ ಇರಲಿಲ್ಲ. ನಾನು ಹೊನ್ನೂರವ್ವನನ್ನು ನೆನೆದೆ.

“ಏಳು, ಡಾಕ್ಟ್ರಮ್ಮನ ಹತ್ರ ಹೋಗಾನ,” ಅಂದೆ.

“ಅಷ್ಟ್ ಎತ್ತರ... ನನ್ ಕೈಲಾಗಾಕಿಲ್ಲ ಮಾರಾಯ.”

“ನಿನ್ನ ಹತ್ತು ಅಂದೋರ್ಯಾರು? ಕಲ್ಲು ಹೊತ್ತಿರೋ ಬೆನ್ನಿದು.”

ಕಂಬಳಿಯಲ್ಲಿ ಕಟ್ಟಿಕೊಂಡು ಬೆನ್ನ ಮೇಲೆ ಹೊತ್ತೆ. ಹೊತ್ತೇರುವ ಮುಂಚೆ ಹೊರಟಿದ್ದೆ. ಒಂದೊಂದು ಮೆಟ್ಟಿಲೂ ನನಗೆ ಗೊತ್ತು, ಯಾವುದು ಯಾವ ಕಲ್ಲು, ಯಾವುದಕ್ಕೆ ಎಷ್ಟು ಸುಣ್ಣ. ಎಪ್ಪತ್ತರ ಹತ್ತಿರ ಈರಕ್ಕ ಕಿವಿಯಲ್ಲಿ ಅಂದಳು, “ಇಷ್ಟ್ ಚೆಂದಾಗಿ ಕಟ್ಟೀಯ. ನಮ್ಮ ಬಚ್ಚಲ ಕಲ್ಲು ಮೂರು ವರ್ಷದಿಂದ ಅಲ್ಲಾಡ್ತೈತೆ.” ಅಷ್ಟಂದು ಕೆಮ್ಮಿದಳು. ಅವಳ ಎದೆ ನನ್ನ ಬೆನ್ನಿಗೆ ಒತ್ತಿಕೊಂಡಿತ್ತು, ಒಳಗೆ ಕುಲುಮೆಯ ಹಳೇ ತಿದಿಯ ಹಾಗೆ ಗೊರಗುಟ್ಟುವುದು ನನಗೆ ಮೂಳೆಯಲ್ಲಿ ಕೇಳಿಸುತ್ತಿತ್ತು. ನೂರೈವತ್ತರ ಮೇಲೆ ಅವಳು ಮಾತಾಡಲಿಲ್ಲ. ನಾನು ಬೈದುಕೊಂಡು ಹತ್ತಿದೆ. ಯಾರನ್ನು ಬೈಯುತ್ತಿದ್ದೇನೆಂದು ನನಗೇ ಸ್ಪಷ್ಟವಿರಲಿಲ್ಲ.

ಮೇಲೆ ಡಾಕ್ಟ್ರಮ್ಮ ಬಾಗಿಲು ತೆರೆದರು. ಆ ಎತ್ತರದಲ್ಲಿ ಗಾಳಿ ಜೋರು, ಅವರ ಕಿಟಕಿಗಳೆಲ್ಲ ಮೊಳೆ ಹೊಡೆದು ಮುಚ್ಚಿದ್ದವು. ಈರಕ್ಕನನ್ನು ಕುರ್ಚಿಯಲ್ಲಿ ಕೂರಿಸಿದೆ. ಅವರು ಪ್ರೀತಿಯಿಂದಲೇ, “ಅಯ್ಯೋ, ಆರನೇ ಮಗ್ಗದವರಲ್ವಾ?” ಅಂದು ಕಡ್ಡಿ ತೆಗೆದು ಮೂಗಿಗೆ ಹಾಕಿ, ಸೀಸೆಯಲ್ಲಿಟ್ಟು ಮೇಲೆ ಏನೋ ಬರೆದರು. ಆಮೇಲೆ ಕೈ ತೊಳೆದುಕೊಂಡು ನಮ್ಮನ್ನು ನೋಡಿದರು. ನಾವು ಅವರನ್ನು ನೋಡಿದೆವು.

“ಔಷಧಿ?” ಅಂದೆ.

“ನಾನು ಔಷಧಿ ಕೊಡೋ ಡಾಕ್ಟರಲ್ಲ ಮೇಸ್ತ್ರಿ. ನಾನು ಸಂಶೋಧನೆ ಮಾಡೋಳು. ಇವರನ್ನ ದೊಡ್ಡಾಸ್ಪತ್ರೆಗೆ ಕರ್ಕೊಂಡು ಹೋಗಿ, ಇವತ್ತೇ ಹೋಗಿ.”

“ಮತ್ತೆ ಆ ಕಡ್ಡಿ? ಎಂಟು ವರ್ಷದಿಂದ ಹಾಕಿದ್ದು?”

“ಅದು ಮಾದರಿ. ಮೂಗಲ್ಲಿ ಯಾವ ವೈರಸ್ಸಿದೆ ಅಂತ ನೋಡೋಕೆ.”

ಈರಕ್ಕ ಕುರ್ಚಿಯಲ್ಲೇ ನಗತೊಡಗಿದಳು. ನಗು ಕೆಮ್ಮಾಯಿತು. “ಹೊನ್ನೂರಿ ಎರಡ್ ಸಲ ಹಾಕಿಸ್ಕಂಡಿದ್ಲು,” ಅಂದಳು.

ನನಗೆ ಕೋಪ ಬರುವುದು ಬೇಗ. ಬಂದರೆ ಕೈ ಸಾಮಾನು ಹುಡುಕುತ್ತದೆ. ಮೇಜಿನ ಮೇಲೆ ಕಾಗದದ ರಾಶಿ ಇತ್ತು, ಅದರ ಮೇಲೆ ಕೈಯಿಟ್ಟು, “ಹಾಗಾದ್ರೆ ಇದರಲ್ಲಿ ಏನ್ ಬರ್ದಿದೀರಿ? ಇಷ್ಟು ಮೆಟ್ಲು ಎಬ್ಬಿಸಿದ್ದು ಯಾವ್ದು? ಅದನ್ನ ತೋರ್ಸಿ,” ಅಂದೆ.

ತಮ್ಮ ಬರಹದ ಬಗ್ಗೆ ಕೇಳಿದರೆ ಪಂಡಿತರಿಗೆ ಸಂತೋಷವಾಗುತ್ತದೆ, ಕೇಳುವವನು ಕೈಯಲ್ಲಿ ಕಲ್ಲು ಹಿಡಿದಿದ್ದರೂ ಸರಿ. ಅವರು ಒಂದು ಕಾಗದ ಎಳೆದು ತೋರಿಸಿದರು. ಎಂಟುನೂರು ಜನ ಉಲ್ಲೇಖ ಮಾಡಿದ್ದಂತೆ, ಎಂಬತ್ತು ಮೆಟ್ಟಿಲು ಅದೊಂದರದ್ದೇ. ತುಂಬ ಗೆರೆ, ಚುಕ್ಕೆ, ಬಾಣ. ಒಂದು ಚೌಕ, ಒಳಗೆ ಮೂವತ್ತು ಚುಕ್ಕೆ.

“ಇದು ನಮ್ ಶೆಡ್ಡಲ್ವಾ?” ಅಂತ ಈರಕ್ಕ ಎದ್ದು ಬಂದಳು. “ಇಲ್ಲಿ ಬಾಗ್ಲು, ಇದು ನಾನು.”

“ಹೌದು, ಸರಿಯಾಗಿ ಗುರುತು ಹಿಡಿದ್ರಿ! ಈ ಕಾಗದದ ಲೆಕ್ಕದಲ್ಲಿ ನೀವು ಹದಿನಾರು. ಮುಚ್ಚಿದ ಕೋಣೆಯಲ್ಲಿ ಉಸಿರಿನ ಜೊತೆ ವೈರಸ್ಸು ಎಷ್ಟು ಹೊತ್ತು ತೇಲ್ತಿರುತ್ತೆ, ಯಾರಿಂದ ಯಾರಿಗೆ ಹೋಗುತ್ತೆ ಅಂತ ಇದರಲ್ಲಿ ಮೊದಲ ಸಲ ತೋರಿಸಿದ್ದೇನೆ. ಗೋಡೆಯಲ್ಲಿ ಎದುರುಬದುರು ಎರಡು ಕಿಟಕಿ ಇದ್ದಿದ್ದರೆ ಅರ್ಧಕ್ಕಿಂತ ಹೆಚ್ಚು ಜನಕ್ಕೆ ಇದು ಹರಡ್ತಾನೇ ಇರಲಿಲ್ಲ.”

“ಹದಿನೇಳು ಯಾರು?” ಅಂತ ಕೇಳಿದೆ.

ಅವರು ಕಾಗದ ನೋಡಿ, “ಹದಿನೇಳು... ನಿಧನ,” ಅಂದರು. ಆಮೇಲೆ ಅವರಿಗೂ ಹೊನ್ನೂರವ್ವನ ನೆನಪಾಗಿರಬೇಕು, ಕಾಗದವನ್ನು ಮೆಲ್ಲಗೆ ಮಡಿಸಿದರು.

“ಕಿಟಕಿ ಅಂತ ಗೊತ್ತಾಗಿ ಎಷ್ಟು ವರ್ಷ ಆಯ್ತು?”

“ಆರು.”

“ಎಂಟುನೂರು ಜನಕ್ಕೆ ಗೊತ್ತು. ಶೆಡ್ಡಲ್ಲಿ ಕೂರೋ ಮೂವತ್ತು ಜನಕ್ಕೆ ಯಾಕೆ ಹೇಳ್ಲಿಲ್ಲ?”

“ನಾನು ಪ್ರಕಟ ಮಾಡಿದ್ದೇನಲ್ಲ ಮೇಸ್ತ್ರಿ,” ಅಂದರು. ಅವರಿಗೆ ನನ್ನ ಪ್ರಶ್ನೆ ನಿಜವಾಗಿಯೂ ಅರ್ಥವಾಗಿರಲಿಲ್ಲ. “ಕೊನೆಯಲ್ಲಿ ಬರೆದಿದ್ದೇನೆ ನೋಡಿ, ‘ಈ ಬಗ್ಗೆ ಹೆಚ್ಚಿನ ಅಧ್ಯಯನ ಅಗತ್ಯ’ ಅಂತ.”

ನಾನು ಈರಕ್ಕನನ್ನು ಮತ್ತೆ ಬೆನ್ನಿಗೆ ಕಟ್ಟಿಕೊಂಡೆ. ಬಾಗಿಲಲ್ಲಿ ಅವರು ನನ್ನ ತೋಳು ಹಿಡಿದರು. “ಮೇಸ್ತ್ರಿ, ದಯವಿಟ್ಟು ಈಗಲೇ ಏನೂ ಮಾಡಬೇಡಿ. ಈ ಚಳಿಗಾಲದ ಲೆಕ್ಕ ಮುಗಿಯೋಕೆ ಇನ್ನು ಹತ್ತು ವಾರ ಇದೆ. ಮಧ್ಯದಲ್ಲಿ ಗಾಳಿ ಬಿಟ್ಟರೆ ಎಲ್ಲಾ ಕೆಟ್ಟುಹೋಗುತ್ತೆ.”

“ಕೆಡ್ಲಿ,” ಅಂದೆ.

ಈರಕ್ಕನನ್ನು ಮೊದಲು ಗಾಡಿ ಮಾಡಿಕೊಂಡು ದೊಡ್ಡಾಸ್ಪತ್ರೆಗೆ ಸೇರಿಸಿದೆ. ಅಲ್ಲಿ ಮೂಗಿಗೆ ಕೊಳವೆ ಇಟ್ಟು ಗಾಳಿ ಕೊಟ್ಟರು. ಅವಳು ಕೊಳವೆ ನೋಡಿ, “ಇದು ಔಷಧೀನಾ, ಮಾದರೀನಾ? ಮೊದ್ಲೇ ಕೇಳ್ಕೋ,” ಅಂದಳು. ಐದು ದಿನ ಇದ್ದೆವು. ಆರನೇ ದಿನ ಅವಳನ್ನು ಮನೆಯಲ್ಲಿ ಮಲಗಿಸಿ, ಸುತ್ತಿಗೆ, ಉಳಿ, ಹಾರೆ ತೆಗೆದುಕೊಂಡು ನಡುಮಧ್ಯಾಹ್ನ ಶೆಡ್ಡಿನ ತೆಂಕಣ ಗೋಡೆಗೆ ಬಾರಿಸಿದೆ. ಒಳಗೆ ಹೆಂಗಸರು ಕಿರುಚಿಕೊಂಡರು. ಶೆಡ್ಡಿನ ಗುಮಾಸ್ತ ಓಡಿ ಬಂದ.

“ಏಯ್ ಮೇಸ್ತ್ರಿ, ಹುಚ್ಚು ಹಿಡೀತಾ ನಿಂಗೆ? ಗಾಳಿ ಬಂದ್ರೆ ಗಂಜಿ ಒಣಗ್ತದೆ, ನೂಲೆಲ್ಲ ತುಂಡಾಗ್ತದೆ!”

ನಾನು ಬಾರಿಸುತ್ತಲೇ ಚುಕ್ಕೆಗಳ ವಿಷಯ ಹೇಳಿದೆ. ಹದಿನಾರು ಯಾರು, ಹದಿನೇಳು ಯಾರು, ಕಡ್ಡಿ ಯಾತಕ್ಕೆ. ಹೆಂಗಸರು ಒಬ್ಬೊಬ್ಬರಾಗಿ ಮಗ್ಗದಿಂದ ಎದ್ದರು. ಅಷ್ಟರಲ್ಲಿ, ಮಲಗಿರು ಅಂತ ನಾನು ಹೇಳಿ ಬಂದಿದ್ದರೂ, ಈರಕ್ಕ ಗೋಡೆ ಹಿಡಿದುಕೊಂಡು ಅಲ್ಲಿಗೇ ಬಂದಿದ್ದಳು.

“ನೂಲು ತುಂಡಾದ್ರೆ ಗಂಟು ಹಾಕ್ತೀವಿ ಕಣಯ್ಯ,” ಅಂದಳು ಗುಮಾಸ್ತನಿಗೆ. “ಬಿಂದಿಗೆ ನೀರಿಟ್ಟು ಚಿಮುಕಿಸ್ತೀವಿ. ಹೊನ್ನೂರಿಗೆ ಗಂಟು ಹಾಕ್ತೀಯಾ ನೀನು?”

ಅವನು ಪಕ್ಕಕ್ಕೆ ಸರಿದ. ಸಂಜೆಯೊಳಗೆ ಬಡಗಣ ಗೋಡೆಗೂ ಒಂದು ಕಿಟಕಿಯಾಯಿತು. ಎರಡು ಕಿಟಕಿ, ಅರ್ಧ ದಿನದ ಕೆಲಸ. ಇನ್ನೂರ ಹನ್ನೆರಡು ಮೆಟ್ಟಿಲು ಕಟ್ಟಿದ ಕೈಗೆ ಎಂಟು ವರ್ಷದಿಂದ ಅರ್ಧ ದಿನ ಬಿಡುವಿತ್ತು. ಯಾರನ್ನು ಬೈಯುತ್ತ ಮೆಟ್ಟಿಲು ಹತ್ತಿದ್ದೆನೆಂದು ಆಗ ಗೊತ್ತಾಯಿತು, ಅರ್ಧ ಬೈಗುಳ ನನ್ನ ಪಾಲಿನದು.

ನೂಲು ಒಂದು ವಾರ ತುಂಡಾಯಿತು, ಆಮೇಲೆ ಕೈಗಳು ನೀರು ಚಿಮುಕಿಸುವುದನ್ನು ಕಲಿತವು. ಆ ಚಳಿಗಾಲ ಮೂವತ್ತರಲ್ಲಿ ಏಳು ಜನ ಕೆಮ್ಮಿದರು. ಯಾರೂ ಸಾಯಲಿಲ್ಲ. ಈರಕ್ಕ ಯುಗಾದಿ ಹೊತ್ತಿಗೆ ಒಲೆ ಊದಿ, ನನ್ನನ್ನೂ ಬೈಯುವಷ್ಟು ಗಾಳಿ ತುಂಬಿಕೊಂಡಳು.

ಇಷ್ಟಕ್ಕೆ ಮುಗಿಯಬೇಕಿತ್ತು. ಆದರೆ ಡಾಕ್ಟ್ರಮ್ಮ ಸುಮ್ಮನೆ ಕೂರುವವರಲ್ಲ. ಶಿಷ್ಯರನ್ನು ಕಳಿಸಿ ಏಳು ಜನಕ್ಕೆ ಕಡ್ಡಿ ಹಾಕಿಸಿ, ಎರಡು ಕಿಟಕಿಗಳ ಅಗಲ ಅಳೆಸಿ, ‘ಶೆಡ್ಡಿನಲ್ಲಿ ಗಾಳಿ ಬಿಟ್ಟರೆ ಏನಾಗುತ್ತದೆ’ ಎಂದು ಬರೆದರು. ಶಿಷ್ಯನೊಬ್ಬ ನನಗೆ ಓದಿ ಹೇಳಿದ. ಅದರಲ್ಲಿ ನಾನೂ ಇದ್ದೆ, ‘ಸ್ಥಳೀಯ ಕಾರಣಗಳಿಂದ ಗೋಡೆಯಲ್ಲಿ ಎರಡು ರಂಧ್ರಗಳು ಉಂಟಾದವು’ ಅನ್ನುವಲ್ಲಿ. ಸ್ಥಳೀಯ ಕಾರಣ ಅಂದರೆ ನಾನು. ನನ್ನ ಹೊಸಿಲು ಕೂದಲೆಳೆಯಷ್ಟೂ ಏಳಲಿಲ್ಲ. ಅವರದು ಒಂದೇ ಬೇಸಿಗೆಯಲ್ಲಿ ಮೂವತ್ತನಾಲ್ಕು ಮೆಟ್ಟಿಲಿನಷ್ಟು ಎದ್ದಿತು. ಜಗತ್ತಿನಲ್ಲಿ ಯಾರೂ ಅದುವರೆಗೆ ಕಿಟಕಿ ತೆರೆದು ನೋಡಿರಲಿಲ್ಲವಂತೆ.

ನನ್ನ ಕೊನೆಯ ಮೆಟ್ಟಿಲಿಗೂ ಅವರ ಹೊಸಿಲಿಗೂ ನಡುವೆ ಬರೀ ಆಕಾಶ. ಹೇಳಿಕಳಿಸಿದರು, ನಾನು ಹೋಗಲಿಲ್ಲ. ಎರಡನೇ ವಾರ ಬುಟ್ಟಿ ಇಳಿಯಿತು, ಒಳಗೆ ಚೀಟಿ. ‘ಮೇಸ್ತ್ರಿ, ಮೂವತ್ತನಾಲ್ಕು ಮೆಟ್ಟಿಲು ತುರ್ತಾಗಿ ಬೇಕು. ನನಗೆ ಕೆಮ್ಮು.’ ತಲೆ ಎತ್ತಿ ಕಿವಿಗೊಟ್ಟರೆ ನಿಜ, ಮುಚ್ಚಿದ ಕಿಟಕಿಗಳ ಹಿಂದಿನಿಂದ ಅವರ ಕೆಮ್ಮು ಸಣ್ಣಗೆ ಕೇಳಿಸುತ್ತಿತ್ತು. ಶಿಷ್ಯರು ಸೀಸೆಗಳ ಜೊತೆ ಅವರ ಸರಕನ್ನು ಅವರ ಮನೆಗೇ ತಲುಪಿಸಿರಬೇಕು.

ನಾನು ಚೀಟಿಯ ಹಿಂದೆ, ‘ಮೊದಲು ಕಿಟಕಿ ತೆಗೆಯಿರಿ’ ಅಂತ ಬರೆದೆ. ಈರಕ್ಕ ನನ್ನನ್ನು ಪಕ್ಕಕ್ಕೆ ತಳ್ಳಿ ಮೆಣಸಿನ ಕಷಾಯದ ತಂಬಿಗೆಯನ್ನು, ಆಸ್ಪತ್ರೆಯ ಗುಳಿಗೆಯಲ್ಲಿ ಉಳಿದದ್ದನ್ನು ಬುಟ್ಟಿಯಲ್ಲಿಟ್ಟಳು. “ಪೋಸ್ಟ್‌ಮಾಸ್ಟರ ಮಗಳು, ಸಾಯ್ಲಿ ಅಂತ ಬಿಡಕ್ಕಾಗ್ತದಾ?” ಅಂದಳು. ಆಮೇಲೆ ನನ್ನ ಕೈಯಿಂದ ಪೆನ್ಸಿಲ್ ಕಿತ್ತುಕೊಂಡು ನನ್ನ ಕೈಗೇ ವಾಪಸು ಕೊಟ್ಟು, “ಬರಿ,” ಅಂದಳು. ಅವಳು ಹೇಳಿದ ಹಾಗೆ ಬರೆದೆ. ಒಂದು ಮೆಟ್ಟಿಲಿಗೆ ಒಂದು ಬರಹ. ನೀವು ನಮ್ಮ ಮೂಗಿನಿಂದ ಏನೇನು ತಿಳಿದುಕೊಂಡಿರೋ ಅದನ್ನು ನಮಗೆ ತಿಳಿಯುವ ಹಾಗೆ ಬರೆದು ಬುಟ್ಟಿಯಲ್ಲಿ ಇಳಿಬಿಡಿ. ಬಂದಷ್ಟು ಕಟ್ಟುತ್ತೇವೆ.

ಮೂರು ದಿನ ಬುಟ್ಟಿ ಬರಲಿಲ್ಲ. ನಾಲ್ಕನೇ ದಿನ ಮೇಲೆ ಮೊಳೆ ಕೀಳುವ ಸದ್ದು ಕೇಳಿತು, ಒಂದು ಕಿಟಕಿ ತೆರೆಯಿತು, ಬುಟ್ಟಿ ಇಳಿಯಿತು. ಮೊದಲನೇ ಕಾಗದದಲ್ಲಿ, ಕೆಮ್ಮು ಬಂದವರು ಎಷ್ಟು ದಿನ ಶೆಡ್ಡಿಗೆ ಬರಬಾರದು ಅಂತ ಇತ್ತು. ಒಂದು ಮೆಟ್ಟಿಲು ಕಟ್ಟಿದೆ. ಎರಡನೆಯದರಲ್ಲಿ, ಹಾಲು ಕುಡಿಯುವ ಮಗುವಿನ ಪಕ್ಕೆ ಹೇಗೆ ಒಳಕ್ಕೆ ಎಳೆದರೆ ತಕ್ಷಣ ಆಸ್ಪತ್ರೆಗೆ ಓಡಬೇಕು ಅಂತ. ಅದನ್ನು ಈರಕ್ಕ ಶೆಡ್ಡಿನಲ್ಲಿ ಮೂರು ಸಲ ಗಟ್ಟಿಯಾಗಿ ಓದಿಸಿದಳು. ಇನ್ನೊಂದು ಮೆಟ್ಟಿಲು. ಏಳನೆಯದರಲ್ಲಿ ಹೊನ್ನೂರವ್ವನ ಬಗ್ಗೆ ಇತ್ತು, ಹೆಸರು ಹಾಕಿ ಬರೆದಿದ್ದರು, ಯಾವ ದಿನ ಆಸ್ಪತ್ರೆಗೆ ಸೇರಿಸಿದ್ದರೆ ಉಳಿಯಬಹುದಿತ್ತು ಅಂತ. ಆ ಮೆಟ್ಟಿಲಿಗೆ ನಾನು ಒಳ್ಳೇ ಕಲ್ಲು ಹುಡುಕಿ ಹಾಕಿದೆ.

ಇವತ್ತಿಗೆ ಒಂಬತ್ತು ಮೆಟ್ಟಿಲಾಗಿದೆ. ಬೆಳಿಗ್ಗೆ ಹತ್ತನೇ ಕಾಗದ ಬಂತು. ಡಾಕ್ಟ್ರಮ್ಮನ ಕೆಮ್ಮು ನಿಂತಿದೆ ಅಂತ ಕಾಗದ ನೋಡಿದೊಡನೆ ಗೊತ್ತಾಯಿತು, ಯಾಕೆಂದರೆ ಒಂದೇ ಸಾಲು ಇತ್ತು: ‘ಈ ಬಗ್ಗೆ ಹೆಚ್ಚಿನ ಅಧ್ಯಯನ ಅಗತ್ಯ.’

ಎತ್ತಿಕೊಂಡಿದ್ದ ಕಲ್ಲನ್ನು ಕೆಳಗಿಟ್ಟೆ. ಕಾಗದವನ್ನು ಬುಟ್ಟಿಗೆ ಹಾಕಿ ಹಗ್ಗ ಜಗ್ಗಿದೆ. ಮನೆಗೆ ಬಂದು ಬಚ್ಚಲ ಕಲ್ಲು ಸರಿಮಾಡಿದೆ.